ನೆಟ್‌ವರ್ಕ್ ಹೋಗುವ ಜಾಗ

ನಿನ್ನೆ ಸೊರಬದ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಣ್ಣುಮಗಳೊಬ್ಬಳು ಪರ್ಸಿನಿಂದ ನಿಂಬೆಹಣ್ಣು ತೆಗೆದು, ಉಗುರಿನಿಂದ ಸಿಪ್ಪೆ ಗೀರಿ, ಮೂಗಿಗೆ ಹಿಡಿದುಕೊಂಡಳು. ಬಸ್ಸು ಇನ್ನೂ ಶಿಕಾರಿಪುರದ ಸ್ಟ್ಯಾಂಡು ಬಿಟ್ಟಿರಲಿಲ್ಲ. ಡ್ರೈವರ್ ಕೆಳಗೆ ನಿಂತು ಯಾರ ಜೊತೆಗೋ ಎಲೆಯಡಿಕೆ ಹಂಚಿಕೊಳ್ಳುತ್ತಿದ್ದ. ಆಕೆಗೆ ಆಗಲೇ ಹೊಟ್ಟೆ ತೊಳಸೋಕೆ ಶುರುವಾಗಿತ್ತು ಅಂತ ಕಾಣುತ್ತೆ. ಆ ಹಸಿ ಸಿಪ್ಪೆಯ ವಾಸನೆ ಡೀಸೆಲ್ಲಿನ ಜೊತೆ ಸೇರಿ ನನ್ನ ಮೂಗಿಗೆ ಬಂದದ್ದೇ ತಡ, ಕೈಯಲ್ಲಿದ್ದ ಫೋನನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕೂತುಬಿಟ್ಟೆ. ಮೇಡಂ ಬಂದು ಕಿಟಕಿ ಪಕ್ಕ ಕೂತ ಹಾಗಾಯಿತು...

ಮೇಡಂ ಅಂದರೆ ನನ್ನ ಕಾಲೇಜಿನ ಮೇಡಂ. ಶಿಕಾರಿಪುರದಲ್ಲಿ ಡಿಪ್ಲೊಮಾ ಹುಡುಗರಿಗೆ ಕಂಪ್ಯೂಟರ್ ಕಲಿಸುತ್ತಿದ್ದರು. ಮನೆ ಸೊರಬದಲ್ಲಿ. ದಿನಾ ಬೆಳಿಗ್ಗೆ ಬಸ್ಸು, ದಿನಾ ಸಂಜೆ ಬಸ್ಸು, ದಿನಾ ಒಂದು ನಿಂಬೆಹಣ್ಣು. ಬಸ್ಸು ಆಗಿಬರದವರು ಊರಿಗೊಬ್ಬರು ಸಿಗುತ್ತಾರೆ ಬಿಡಿ. ಆದರೆ ಬಸ್ಸು ಆಗಿಬರದಿದ್ದರೂ, ತಾನು ಮಾಡಿದ ಕೆಲಸದ ಕೊನೇ ಪರೀಕ್ಷೆ ಬಸ್ಸಿನಲ್ಲೇ ಆಗಬೇಕು ಅಂತ ತಾನೇ ಕಟ್ಟಳೆ ಮಾಡಿಕೊಂಡು, ಅದನ್ನು ಮುರಿಯದೆ ನಡೆಸಿಕೊಂಡು ಬಂದವರನ್ನು ನಾನು ಕಂಡದ್ದು ಇವರೊಬ್ಬರನ್ನೇ.

ನಾನು ಆಗ ಕಾಲೇಜಿನಲ್ಲಿ ಓದುತ್ತಿದ್ದೆ ಅಂದರೆ ನಿಜವಾಗಿ ಓದುತ್ತಿದ್ದವರಿಗೆ ಅವಮಾನ. ಹೋಗಿಬರುತ್ತಿದ್ದೆ ಅನ್ನೋಣ. ನನ್ನ ಅಸಲಿ ಕಸುಬು ಬೇರೆಯವರ ಹಾಗೆ ಮಾತಾಡೋದು. ಪ್ರಿನ್ಸಿಪಾಲರು ಮೈಕಿನ ಮುಂದೆ ಗಂಟಲು ಸರಿಮಾಡಿಕೊಳ್ಳುತ್ತಾ ಏನು ಹೇಳಬೇಕಿತ್ತೋ ಅದನ್ನೇ ಮರೆಯೋದು, ಕ್ಯಾಂಟೀನಿನಾತ ‘ಬಂತ್ರೀ, ಬಂದೇಬಿಡ್ತು’ ಅನ್ನುತ್ತಾ ದೋಸೆಯನ್ನು ಹೊಟ್ಟೆ ಹಸಿವು ಹೋದಮೇಲೆ ತಂದಿಡೋದು, ಶಿರಾಳಕೊಪ್ಪದ ಬಸ್ ಏಜೆಂಟು ಒಂದೇ ಉಸಿರಿನಲ್ಲಿ ಊರುಗಳ ಹೆಸರನ್ನೆಲ್ಲ ಕೂಗಿ ಉಸಿರಿಗೆ ಒದ್ದಾಡೋದು... ಎಲ್ಲ ನನ್ನ ಹತ್ತಿರ ಇದ್ದವು. ಈ ಬಾಯಿಗೆ ಬಾಡಿಗೆ ಬಂದಿದ್ದರೆ ಇಷ್ಟರಲ್ಲಿ ಮೇಲೊಂದು ಮಹಡಿ ಎಬ್ಬಿಸಬಹುದಿತ್ತು ಅಂತ ಅಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಅವಳು ಹಾಗೆ ಹೇಳೋದನ್ನೂ ನಾನು ಮಾಡಿ ತೋರಿಸುತ್ತಿದ್ದೆ.

ಒಂದು ದಿನ ಲ್ಯಾಬಿನಲ್ಲಿ ಕರೆಂಟು ಹೋಗಿತ್ತು. ಮೇಡಂ ಇನ್ನೂ ಬಂದಿರಲಿಲ್ಲ. ಕಂಪ್ಯೂಟರ್ ಒರೆಸುವ ಬಟ್ಟೆಯನ್ನು ಹೆಗಲಿಗೆ ಸೆರಗಿನ ಹಾಗೆ ಹಾಕಿಕೊಂಡು, ಕತ್ತು ಒಂದು ಕಡೆಗೆ ವಾಲಿಸಿ, ಬೋರ್ಡಿನ ಮುಂದೆ ನಿಂತು ‘ಎಲ್ಲಿ, ಮೊದ್ಲಿಂದ ಹೇಳು’ ಅಂದೆ. ಅದು ಅವರ ಮಾತು. ನಮ್ಮ ಪ್ರೋಗ್ರಾಮು ಕೆಟ್ಟರೆ ಬೈಯುತ್ತಿರಲಿಲ್ಲ, ಇದೊಂದು ಮಾತು ಹೇಳಿ ಕೈಕಟ್ಟಿ ನಿಲ್ಲುತ್ತಿದ್ದರು. ಹುಡುಗರು ಬಿದ್ದು ಬಿದ್ದು ನಕ್ಕರು. ನಗು ಥಟ್ಟನೆ ನಿಂತಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಮೇಡಂ.

“ಎಲ್ಲ ಸರಿಯಾಗಿದೆ. ಚಾಕ್‌ಪೀಸ್ ಮಾತ್ರ ನಾನು ಎಡಗೈಲಿ ಹಿಡಿಯೋದು,” ಅಂದರು. ಒಳಗೆ ಬಂದು ಪಾಠ ಶುರುಮಾಡಿದರು.

ಪಾಠ ಮುಗಿದಮೇಲೆ ಕರೆದರು. ನಾನು ಕ್ಷಮೆ ಕೇಳುವ ಮುಖ ಹಾಕಿಕೊಂಡು ಹೋದೆ. ಅದೂ ಯಾರದ್ದೋ ಮುಖವೇ, ನಮ್ಮ ಚಿಕ್ಕಪ್ಪನದು. ಅವರು ಕೇಳಿದ್ದು ಬೇರೆ. ಫೋನು ಸರಿಯಾಗಿ ಬರದವರು ಫೋನು ಹೇಗೆ ಹಿಡಿಯುತ್ತಾರೆ, ಹೇಗೆ ಒತ್ತುತ್ತಾರೆ, ಮಾಡಿ ತೋರಿಸುತ್ತೀಯಾ ಅಂದರು. ನಮ್ಮಜ್ಜನನ್ನು ಮಾಡಿದೆ. ಅಜ್ಜ ಫೋನನ್ನು ಕೈಯಲ್ಲಿ ಹಿಡಿಯುತ್ತಿರಲಿಲ್ಲ, ನೆಲದ ಮೇಲಿಟ್ಟು ತಿಗಣೆ ಹೊಸಕುವ ಹಾಗೆ ಹೆಬ್ಬೆರಳಿನಿಂದ ಒತ್ತುತ್ತಿದ್ದ. ಆಮೇಲೆ ನಮ್ಮ ಅಂಗಡಿ ಬೀದಿಯ ವ್ಯಾಪಾರಿ. ಒಂದು ಸಲ ಒತ್ತಿ ಆಗದಿದ್ದರೆ, ಬಾಗಿಲು ತೆರೆಯದ ಮನೆಯ ಕದ ಬಡಿದ ಹಾಗೆ ಬಡಿಯೋ ಗಿರಾಕಿ. ಮೇಡಂ ನಗಲಿಲ್ಲ. ಶನಿವಾರ ನನ್ನ ಜೊತೆ ಸೊರಬದ ಬಸ್ಸು ಹತ್ತು ಅಂದರು.

ಹೀಗೆ ನಾನು ಕಸುಬಿಗೆ ಸೇರಿದೆ.

ಮೇಡಂ ಮನೆಯ ಎದುರಿಗೆ ಗೌಡರೊಬ್ಬರಿದ್ದರು. ಈಗಲೂ ಇದ್ದಾರೆ. ಅವರದ್ದು ಭತ್ತ ಕೊಯ್ಯುವ ಮಿಷನ್ನು. ಸುಗ್ಗಿಯಲ್ಲಿ ಸೊರಬದ ಸುತ್ತಿನಿಂದ ಶಿಕಾರಿಪುರದ ಗಡಿಯವರೆಗೆ ಎಲ್ಲರಿಗೂ ಒಂದೇ ವಾರದಲ್ಲಿ ಮಿಷನ್ನು ಬೇಕು. ಗೌಡರು ಒಳ್ಳೆಯವರು, ಯಾರಿಗೂ ಇಲ್ಲ ಅನ್ನಲಾರರು. ಅದಕ್ಕೇ ಎಲ್ಲರಿಗೂ ‘ನಾಳೆ ನಿಮ್ದೇ’ ಅನ್ನುತ್ತಿದ್ದರು. ಆ ನಾಳೆ ಬಂದಾಗ ಇವರು ಮನೆಯಲ್ಲಿ ಇರುತ್ತಿರಲಿಲ್ಲ. ಈ ಫಜೀತಿ ನೋಡಲಾರದೆ ಮೇಡಂ ಅವರಿಗೊಂದು ಪೇಜು ಮಾಡಿಕೊಟ್ಟಿದ್ದರು. ರೈತರು ತಮ್ಮ ಫೋನಿನಲ್ಲೇ ಅದನ್ನು ತೆರೆದು ಸರದಿ ಹಿಡಿಯಬಹುದು, ತಮ್ಮ ಮುಂದೆ ಯಾರಿದ್ದಾರೆ ಅಂತ ನೋಡಬಹುದು.

ಆ ಪೇಜು ನಿಂತಿದ್ದು ಒಂದು ಫ್ರೇಮ್‌ವರ್ಕಿನ ಮೇಲೆ, ಅಂದರೆ ಪೇಜು ಕಟ್ಟೋಕೆ ಸಿದ್ಧವಾಗಿ ಸಿಗುವ ಚೌಕಟ್ಟು. ಯಾರೋ ದೂರದ ದೇಶದವರು ಬರೆದು, ಯಾರು ಬೇಕಾದರೂ ತಗೊಳ್ಳಿ, ತೆರೆದು ನೋಡಿ, ತಿದ್ದಿಕೊಳ್ಳಿ ಅಂತ ಜಗತ್ತಿಗೆ ಬಿಟ್ಟುಕೊಟ್ಟದ್ದು. ಅದರಲ್ಲಿ ಎರಡು ಪಾಲು. ಒಂದು ಸರ್ವರಿನಲ್ಲಿ, ಅಂದರೆ ಎಲ್ಲರ ಸರದಿ ಬರೆದಿಡುವ ದೂರದ ಕಂಪ್ಯೂಟರಿನಲ್ಲಿ ಕೂರುವುದು. ಇನ್ನೊಂದು ರೈತನ ಫೋನಿನೊಳಗೆ ಹೋಗಿ ಕೂತು ಸರ್ವರಿನ ಜೊತೆ ಮಾತಾಡುವುದು. ಜಾವಾಸ್ಕ್ರಿಪ್ಟಿನಲ್ಲಿ ಬರೆದ ಈ ಎರಡನೆಯದಕ್ಕೆ ಕ್ಲೈಂಟ್ ಪ್ಯಾಕೇಜು ಅನ್ನುತ್ತಾರೆ. ಒಂದು ಸಲ ಅದನ್ನು ಬರೆದವರು, ಮುಂದಿನ ಆವೃತ್ತಿಯಿಂದ ಹಳೇ ಫೋನುಗಳಲ್ಲಿ ಇದು ನಡೆಯುವುದಿಲ್ಲ ಅಂತ ಸಾರಿದರು. ನೆಟ್‌ವರ್ಕ್ ಹೋಗಿ ಬಂದರೆ ಒಂದೇ ಕೋರಿಕೆ ಎರಡು ಸಲ ಹೋಗುತ್ತೆ ಅಂತ ಮೇಡಂ ಬರೆದಿದ್ದ ದೂರಿಗೂ, ಹಾಗಾಗುವುದು ಬಹಳ ಅಪರೂಪ ಅಂತ ಉತ್ತರ ಕೊಟ್ಟರು. ಅವರದ್ದೂ ತಪ್ಪಿಲ್ಲ. ಅವರೂರಲ್ಲಿ ನೆಟ್‌ವರ್ಕ್ ಹೋಗೋದಿಲ್ಲ, ಹಳೇ ಫೋನು ಹಿಡಿದವರೂ ಇಲ್ಲ, ಪರೀಕ್ಷೆ ಮಾಡೋಕೆ ಜನವೂ ಇಲ್ಲ. ಬೇಕಾದರೆ ನೀವೇ ಬೇರೆ ಮಾಡಿಕೊಂಡು ನಡೆಸಿ ಅಂತ ಮರ್ಯಾದೆಯಿಂದಲೇ ಹೇಳಿದರು.

ಅಣ್ಣತಮ್ಮಂದಿರ ಮನೆಯಲ್ಲಿ ಒಲೆ ಬೇರೆಯಾದ ಹಾಗೆ ನಮ್ಮದೊಂದು ಕವಲು ಬೇರೆಯಾಯಿತು. ಮೇಡಂ ಫೋನಿನ ಪಾಲು ತಗೊಂಡರು. ಸರ್ವರಿನ ಪಾಲು ತಗೊಂಡವನು ಎಲ್ಲೋ ಚಳಿದೇಶದ ಒಬ್ಬಾತ. ಅವನೂರಲ್ಲಿ ಸಮುದ್ರಕ್ಕೆ ಹೋದ ಮೀನಿನ ದೋಣಿಗಳಿಗೆ ಇದೇ ನೆಟ್‌ವರ್ಕಿನ ಕಾಟವಂತೆ. ಅವನನ್ನು ನಾವ್ಯಾರೂ ನೋಡಿರಲಿಲ್ಲ. ಮೇಡಂ ಅವನಿಗೆ ಬರೆಯುವಾಗ ಹೊಸ ಸೊಸೆ ಮಾವನವರ ಹತ್ತಿರ ಮಾತಾಡುವ ಹಾಗೆ ಒಂದೊಂದು ಮಾತನ್ನೂ ತೂಗಿ ಬರೆಯುತ್ತಿದ್ದರು. ಅದಕ್ಕೇ ನಾನು ಅವನಿಗೆ ಸರ್ವರ್ ಮಾವ ಅಂತ ಹೆಸರಿಟ್ಟೆ. ಮೇಡಂ ಮೊದಮೊದಲು ಗದರಿಸಿದರು. ಆಮೇಲೆ ಅವರೇ ‘ಮಾವನ ಉತ್ತರ ಬಂತೇನೋ’ ಅನ್ನತೊಡಗಿದರು.

ಒಲೆ ಬೇರೆ ಮಾಡಿದರೆ ಮುಗೀತು ಅಂದುಕೊಂಡಿದ್ದೆ ನಾನು. ಪಾತ್ರೆಗಳ ಮೇಲೆಲ್ಲ ಹಳೇ ಮನೆಯ ಹೆಸರೇ ಕೆತ್ತಿರುತ್ತದಲ್ಲ, ಹಾಗೆ ಆ ಪ್ಯಾಕೇಜಿನ ಮೂಲೆಮೂಲೆಯಲ್ಲೂ ಮೂಲದವರ ಹೆಸರಿತ್ತು. ಅದನ್ನು ಹುಡುಕಿ ಬದಲಾಯಿಸುವುದೇ ಒಂದು ಕೆಲಸ. ಹಳೇ ಮನೆಯವರು ಒಳ್ಳೆಯ ರಿಪೇರಿ ಮಾಡಿದಾಗ ಅದನ್ನು ನಮ್ಮಲ್ಲಿಗೆ ತಂದುಕೊಳ್ಳಬೇಕು, ಆದರೆ ಹೆಪ್ಪು ತರೋಕೆ ಹೋಗಿ ಜಗಳ ತಂದ ಹಾಗೆ ಆಗಬಾರದು. ಗುರುತು ಪರಿಚಯ ಇಲ್ಲದ ಊರಿನವರು ‘ನಿಮ್ಮ ಪ್ಯಾಕೇಜಿನಿಂದ ನನ್ನ ಪೇಜು ಕೆಟ್ಟಿತು’ ಅಂತ ಬರೆಯುತ್ತಿದ್ದರು. ಅವರಿಗೆ ಉತ್ತರ ಕೊಡಬೇಕು. ಮೇಡಂ ಅವರಿಗೂ ಇಂಗ್ಲಿಷಿನಲ್ಲಿ ‘ಎಲ್ಲಿ, ಮೊದ್ಲಿಂದ ಹೇಳಿ’ ಅನ್ನುವುದನ್ನೇ ಬರೆಯುತ್ತಿದ್ದರು. ಇದಕ್ಕೆಲ್ಲ ಯಾರೂ ಏನೂ ಕೊಡುತ್ತಿರಲಿಲ್ಲ. ಮೇಡಂ ಗಂಡ ಪಾಪ, ಸಂಜೆ ಕಾಫಿ ಮಾಡಿ ತಂದಿಟ್ಟು, ಇವತ್ತು ಯಾವ ದೇಶದವರು ಬೈದರು ಅಂತ ವಿಚಾರಿಸಿಕೊಂಡು ಹೋಗುತ್ತಿದ್ದರು.

ಸರ್ವರ್ ಮಾವ ಪ್ರತಿ ಪತ್ರದ ಕೊನೆಗೆ ಒಂದು ಪ್ರಶ್ನೆ ಇಡುತ್ತಿದ್ದ. ನಿಮ್ಮ ಪಾಲನ್ನು ನಿಮ್ಮ ನಂತರ ನೋಡಿಕೊಳ್ಳುವವರು ಯಾರು? ಹೊಸ ಆವೃತ್ತಿ ಬಿಡುಗಡೆ ಮಾಡುವ ಕೀಲಿ ಮೇಡಂ ಒಬ್ಬರ ಹತ್ತಿರವೇ ಇತ್ತು. ಅವರಿಗಿದ್ದ ಒಂದೇ ಚಿಂತೆ ಅದು. ಜಾಣ ಹುಡುಗ ಹುಡುಗಿಯರು ಬರುತ್ತಿದ್ದರು, ಕಲಿಯುತ್ತಿದ್ದರು, ಹೋಗುತ್ತಿದ್ದರು. ಹೊಸದು ಕಟ್ಟೋದಕ್ಕೆ ಜನ ಸಿಗುತ್ತಾರೆ, ಕಟ್ಟಿದ್ದನ್ನ ಗುಡಿಸಿ ಸಾರಿಸಿ ಇಟ್ಟುಕೊಳ್ಳೋಕೆ ಸಿಗೋದಿಲ್ಲ ಅನ್ನುತ್ತಿದ್ದರು. ಅಲ್ಲೇ ಎದುರಿಗೆ ಕೂತು ಮಿರ್ಚಿ ತಿನ್ನುತ್ತಿದ್ದ ನಾನು ಆ ಲೆಕ್ಕದಲ್ಲಿ ಬರುತ್ತೇನೆ ಅಂತ ಇಬ್ಬರಿಗೂ ಹೊಳೆದಿರಲಿಲ್ಲ. ನಾನೋ ಪರೀಕ್ಷೆಯಲ್ಲಿ ಪಾಸಾದದ್ದೇ ಪಕ್ಕದವನ ಕೈಬರಹ ಓದುವ ವಿದ್ಯೆಯಿಂದ.

ಇನ್ನು ಬಸ್ಸಿನ ಕಟ್ಟಳೆ. ಹೊಸ ಆವೃತ್ತಿ ಏನೇ ಇರಲಿ, ಸೊರಬದ ಬಸ್ಸಿನಲ್ಲಿ ಒಂದು ಸಲ ಹೋಗಿಬರದೆ ಅದು ಲೋಕಕ್ಕೆ ಬಿಡುಗಡೆಯಾಗುವ ಹಾಗಿರಲಿಲ್ಲ. ಶಿರಾಳಕೊಪ್ಪ ದಾಟಿ ಸ್ವಲ್ಪ ದೂರ ಹೋದರೆ ನೆಟ್‌ವರ್ಕ್ ಹೋಗುತ್ತಿತ್ತು. ಒಂದು ಏರಿನಲ್ಲಿ ಬರುತ್ತಿತ್ತು, ಇಳಿದರೆ ಮತ್ತೆ ಹೋಗುತ್ತಿತ್ತು. ತವರಿನ ದಾರಿಯ ತಿರುವುಗಳು ನೆನಪಿರುವ ಹಾಗೆ ಮೇಡಂಗೆ ಆ ಜಾಗಗಳೆಲ್ಲ ಬಾಯಿಪಾಠ. ಆದರೆ ಚಲಿಸುವ ಬಸ್ಸಿನಲ್ಲಿ ಫೋನು ನೋಡಿದರೆ ಅವರಿಗೆ ವಾಂತಿ. ಅದಕ್ಕೇ ನಾನು ಬೇಕಾಗಿದ್ದು. ಅವರು ಕಣ್ಣು ಮುಚ್ಚಿ ನಿಂಬೆಹಣ್ಣು ಮೂಗಿಗೆ ಹಿಡಿದು ಕೂರುತ್ತಿದ್ದರು. ನಾನು ಪಕ್ಕದಲ್ಲಿ ಕೂತು, ಹಳೆಯ ಒಡಕು ಫೋನಿನಲ್ಲಿ, ಒಮ್ಮೆ ನಮ್ಮಜ್ಜನಾಗಿ, ಒಮ್ಮೆ ಕದ ಬಡಿಯುವ ವ್ಯಾಪಾರಿಯಾಗಿ, ಒಮ್ಮೆ ತೊಗರ್ಸಿಯ ನಮ್ಮ ಅತ್ತೆಯಾಗಿ ಸರದಿ ಹಿಡಿಯುತ್ತಿದ್ದೆ. ಅತ್ತೆ ಒತ್ತುವ ಮೊದಲು ಊರ ದೇವರು ಮಲ್ಲಿಕಾರ್ಜುನನನ್ನ ನೆನೆದು ಕಣ್ಣು ಮುಚ್ಚುತ್ತಿದ್ದಳು, ಅಷ್ಟರಲ್ಲಿ ಫೋನಿನ ಪರದೆ ಆರಿಹೋಗುತ್ತಿತ್ತು. ಪಾತ್ರ ಅಂದಮೇಲೆ ದನಿಯೂ ಬರಬೇಕಲ್ಲ. ಬಸ್ಸಿನಲ್ಲೆಲ್ಲ ಕೇಳುತ್ತಿತ್ತು.

ಒಂದು ಸಲ ಬಾಳೆಎಲೆಯ ಕಟ್ಟು ಹೊತ್ತ ಅಜ್ಜಿಯೊಬ್ಬಳು ಬಹಳ ಹೊತ್ತು ನನ್ನನ್ನೇ ನೋಡಿ, ಈ ಹುಡುಗನಿಗೆ ಮೈಮೇಲೆ ಏನಾದರೂ ಬರುತ್ತದಾ ಅಂತ ಮೇಡಂನ ಕೇಳಿದಳು.

“ಇಲ್ಲಮ್ಮ, ಪರೀಕ್ಷೆ ನಡೀತಾ ಇದೆ,” ಅಂದರು ಮೇಡಂ, ಕಣ್ಣು ಬಿಡದೆ.

“ಪಾಸಾಗ್ತಾನಾ?”

“ಇವನದ್ದು ಹೇಳೋಕಾಗಲ್ಲ. ಪ್ಯಾಕೇಜು ಪಾಸಾಗುತ್ತೆ.”

ಎರಡು ಸಲ ಹೋಗುವ ಕೋರಿಕೆಯ ರಿಪೇರಿ ಅವರಿಗೆ ಹೊಳೆದದ್ದು ಹಿಟ್ಟಿನ ಗಿರಣಿಯಲ್ಲಿ. ಗಿರಣಿಯಲ್ಲಿ ಡಬ್ಬಿಗಳು ಸಾಲಾಗಿ ನಿಂತಿರುತ್ತವೆ, ಜನ ಇರುವುದಿಲ್ಲ. ಡಬ್ಬಿ ಇಟ್ಟು ಮನೆಗೆ ಹೋಗಿ ಸಾರು ಕುದಿಸಿ ಬರುತ್ತಾರೆ. ನಡುವೆ ನಾಲ್ಕು ಸಲ ಬಂದು ‘ನಮ್ದಾಯ್ತೇನ್ರೀ’ ಅಂತ ಕೇಳಿದರೂ ಡಬ್ಬಿ ಒಂದೇ. ಕೇಳಿದಷ್ಟು ಸಲ ಡಬ್ಬಿ ಹೆಚ್ಚಾಗೋದಿಲ್ಲ. ಮೂಲದವರ ಪ್ಯಾಕೇಜು ಪ್ರತಿ ಕೂಗಿಗೂ ಹೊಸ ಡಬ್ಬಿ ಇಡುತ್ತಿತ್ತು. ಮೇಡಂ ಪ್ರತಿ ಕೋರಿಕೆಗೂ ಒಂದು ಗುರುತು ಕೊಟ್ಟರು. ನೆಟ್‌ವರ್ಕ್ ಹೋಗಿ ಬಂದಮೇಲೆ ಅದೇ ಗುರುತಿನಿಂದ ಮತ್ತೆ ಕೇಳುತ್ತೆ, ಸರ್ವರು ‘ನಿಮ್ಮ ಡಬ್ಬಿ ಇಲ್ಲೇ ಇದೆ, ಹೋಗ್ರೀ’ ಅನ್ನುತ್ತೆ. ಮಾವನಿಗೆ ಇದನ್ನು ಬರೆಯುವಾಗ ಗಿರಣಿ ಅಂದರೆ ಏನು ಅಂತ ವಿವರಿಸುವುದಕ್ಕೇ ಕೋಡಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಕೊನೆಗೆ ಆತನೂ ತನ್ನ ಪಾಲಿನಲ್ಲಿ ಆ ಸಾಲಿಗೆ ‘ಡಬ್ಬಿ’ ಅಂತಲೇ ಹೆಸರಿಟ್ಟ. ಇವತ್ತಿಗೂ ಆ ಚಳಿದೇಶದ ಕೋಡಿನಲ್ಲಿ ಡಬ್ಬಿ ಇದೆ.

ಒಂದು ವರ್ಷ ಸುಗ್ಗಿಗೆ ಮುಂಚೆ ಮೇಡಂ ನೆಟ್‌ವರ್ಕ್ ಹೋಗಿ ಬಂದಾಗ ನಡೆಯುವ ಕೋಡನ್ನೆಲ್ಲ ಒಪ್ಪ ಮಾಡಿದರು. ಹಳೆಯದಾಗಿತ್ತು, ತೇಪೆ ಮೇಲೆ ತೇಪೆ ಬಿದ್ದಿತ್ತು. ಬಸ್ಸು ಹತ್ತಿದೆವು. ಶಿರಾಳಕೊಪ್ಪ ದಾಟಿತು. ನಾನು ಅಜ್ಜನಾದೆ, ವ್ಯಾಪಾರಿಯಾದೆ, ಅತ್ತೆಯಾದೆ. ಪೇಜು ಒಂದು ಸಲವೂ ತಡವರಿಸಲಿಲ್ಲ. ಸೊರಬದವರೆಗೆ ಬೆಣ್ಣೆಯ ಹಾಗೆ ಹೋಯಿತು. ಮೇಡಂಗೆ ನಂಬಿಕೆ ಬರದೆ ವಾಪಸು ಬರುವಾಗಲೂ ಮಾಡಿಸಿದರು. ಅದೇ ಬೆಣ್ಣೆ. ನಾನು ಪ್ರಿನ್ಸಿಪಾಲರ ದನಿಯಲ್ಲಿ ಅಭಿನಂದನಾ ಭಾಷಣ ಮಾಡಿದೆ. ಆ ದಿನ ಮೇಡಂ, ಬಸ್ಸಿನ ದಿನ ಏನೂ ಮುಟ್ಟದವರು, ಒಂದು ಹಿಡಿ ಮಂಡಕ್ಕಿ ತಿಂದರು. ಮಾರನೆಯ ದಿನ ಬಿಡುಗಡೆ.

ನಮಗೆ ಗೊತ್ತಿರದಿದ್ದದ್ದು ಒಂದೇ. ಆ ದಾರಿಯಲ್ಲಿ ಹೊಸ ಟವರು ಎದ್ದಿತ್ತು. ಮೇಡಂ ಕಣ್ಣು ಮುಚ್ಚಿಕೊಂಡಿದ್ದರು, ನಾನು ಫೋನು ನೋಡುತ್ತಿದ್ದೆ. ಕಿಟಕಿಯ ಹೊರಗೆ ನೋಡುವವರು ಯಾರೂ ಇರಲಿಲ್ಲ. ನೆಟ್‌ವರ್ಕ್ ಹೋಗಲೇ ಇಲ್ಲ. ಟವರಿನವರ ಕೆಲಸವನ್ನು ನಾವು ನಮ್ಮ ಜಾಣತನ ಅಂದುಕೊಂಡು ಮಂಡಕ್ಕಿ ತಿಂದಿದ್ದೆವು.

ಚಂದ್ರಗುತ್ತಿ ಕಡೆ ಟವರು ಬಂದಿರಲಿಲ್ಲ. ಅಲ್ಲಿ ಭಾವ–ಭಾವಮೈದ ಇಬ್ಬರದ್ದು ಅಕ್ಕಪಕ್ಕದ ಗದ್ದೆ. ಭಾವ ಸರದಿ ಹಿಡಿದ, ನೆಟ್‌ವರ್ಕ್ ಹೋಗಿ ಬಂತು, ಒಪ್ಪ ಮಾಡುವಾಗ ಡಬ್ಬಿಯ ಗುರುತು ಎಲ್ಲೋ ಕಳಚಿದ್ದರಿಂದ ಅವನಿಗೆ ಎರಡು ಸರದಿ ಬಿತ್ತು. ಭಾವಮೈದನದ್ದು ಹಿಂದಕ್ಕೆ ಹೋಯಿತು. ಭತ್ತ ಬಲಿತು ಬಾಗಿತ್ತು, ಮೋಡ ಕವಿದಿತ್ತು. ಬೇಕಂತಲೇ ಮಾಡಿದೆ ಅಂತ ಒಬ್ಬ, ನಿನ್ನಕ್ಕನ ಕೇಳು ಅಂತ ಇನ್ನೊಬ್ಬ. ಗೌಡರು ಗದ್ದೆಯಿಂದಲೇ ಮೇಡಂಗೆ ಫೋನು ಮಾಡಿದರು.

“ಮೇಡಮ್ಮೋರೆ, ಮಿಷನ್ನು ಗದ್ದೇಲಿ ನಿಂತದೆ. ಇವರಿಬ್ರೂ ಅದರ ಮುಂದೆ ನಿಂತಿದಾರೆ. ನಾನು ಎಲ್ಲಿ ನಿಲ್ಲದು ಹೇಳಿ.”

ಮೇಡಂ ಹಿಂದಿನ ಆವೃತ್ತಿಯನ್ನೇ ಮತ್ತೆ ಹಾಕಿದರು. ಅದು ಮನೆಯಲ್ಲಿ ಕೂತು ಮಾಡುವ ಕೆಲಸ. ತಪ್ಪು ಪೇಜಿನದ್ದು ಅಂತ ಫೋನಿನಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಬಸ್ಸು ಹತ್ತಿದರು, ಜೊತೆಗೆ ನಾನು. ಚಂದ್ರಗುತ್ತಿಯ ದಾರಿ ಇನ್ನೂ ಸುತ್ತು, ನಿಂಬೆಹಣ್ಣೂ ಕೈಕೊಟ್ಟಿತು. ಗದ್ದೆಯ ಬದುವಿನ ಮೇಲೆ ಬಿಳಿಚಿಕೊಂಡು ನಿಂತು, ನಿಮ್ಮ ಭಾವ ಒಂದೇ ಸಲ ಒತ್ತಿದ್ದು, ಎರಡು ಮಾಡಿದ್ದು ನಾನು ಅಂದರು. ಭಾವಮೈದ ಟವೆಲು ಹೆಗಲಿಂದ ತೆಗೆದು, ಮತ್ತೆ ಹಾಕಿಕೊಂಡು, ಇಷ್ಟು ಹೇಳೋಕೆ ನೀವು ವಾಂತಿ ಮಾಡ್ಕೊಂಡು ಬಂದ್ರಾ ಅಂತ ಕೇಳಿದ. ಆಮೇಲೆ ಭಾವನೇ ತನ್ನ ಸರದಿ ಬಿಟ್ಟುಕೊಟ್ಟ. ಮೋಡ ಹನಿಯಲ್ಲೇ ಮುಗಿಯಿತು. ಇಬ್ಬರ ಭತ್ತವೂ ಮನೆ ಸೇರಿತು. ಅವರ ಮನೆಯಲ್ಲಿ ಮೇಡಂಗೆ ಉಪ್ಪು ಹಾಕಿದ ಮಜ್ಜಿಗೆ ಕೊಟ್ಟರು. ನನಗೆ ಊಟ. ನಾನು ಎಲ್ಲಿಗೆ ಹೋದರೂ ಊಟಕ್ಕೆ ತಪ್ಪಿಲ್ಲ.

ಬರುವಾಗ ಮೇಡಂ ಕಣ್ಣು ಮುಚ್ಚಿಕೊಂಡೇ, ಇನ್ನು ಬಸ್ಸನ್ನು ನಂಬೋಕಾಗಲ್ಲ, ಇವತ್ತಿಂದ ನೀನೇ ನೆಟ್‌ವರ್ಕು ಅಂದರು.

ಇದು ನನ್ನ ಜೀವನದಲ್ಲಿ ಸಿಕ್ಕ ದೊಡ್ಡ ಪಾತ್ರ. ಬಸ್ಸಿನಲ್ಲಿ ಬೇರೊಬ್ಬ ಹುಡುಗ ನನ್ನ ಫೋನಿನಿಂದ ನೆಟ್‌ವರ್ಕ್ ಪಡೆದು ಸರದಿ ಹಿಡಿಯುವನು, ನಾನು ಸಂಪರ್ಕ ಕಡಿಯುವುದು, ಕೊಡುವುದು. ನೆಟ್‌ವರ್ಕಿಗೆ ಒಂದು ಸ್ವಭಾವ ಇದೆ ನೋಡಿ. ಬೇಡದಾಗ ಇರುತ್ತೆ, ಒತ್ತಿದ ಕ್ಷಣ ಹೋಗುತ್ತೆ, ಬಂದೆ ಅನ್ನುತ್ತೆ, ಬರೋದಿಲ್ಲ, ಬಂದರೂ ಅರ್ಧ ಬರುತ್ತೆ. ನಮ್ಮ ಕ್ಯಾಂಟೀನಿನಾತನಿಂದ ನಾನು ಅದನ್ನು ಚೆನ್ನಾಗಿ ಕಲಿತಿದ್ದೆ. ಮೇಡಂ ಬರೆದ ಪ್ಯಾಕೇಜನ್ನು ಕೆಡಿಸೋದೇ ನನ್ನ ಕೆಲಸವಾಯಿತು. ಕೆಡಿಸಬೇಕಾದರೆ ಒಳಗೆ ಏನಿದೆ ಅಂತ ಗೊತ್ತಿರಬೇಕಲ್ಲ. ಹಾಗೆ ಓದತೊಡಗಿದೆ. ಎಲ್ಲಿ ಮುರಿಯುತ್ತೆ ಅಂತ ತೋರಿಸಿದರೆ ಮೇಡಂ, ಹಾಗಾದರೆ ನೀನೇ ತಿದ್ದು ಅನ್ನುತ್ತಿದ್ದರು. ತಿದ್ದಿದರೆ, ಯಾಕೆ ಹೀಗೆ ತಿದ್ದಿದೆ, ಮೊದ್ಲಿಂದ ಹೇಳು... ಅದು ಯಾವಾಗ ನನ್ನ ಕೆಲಸವಾಯಿತೋ ನನಗೇ ತಿಳಿಯಲಿಲ್ಲ.

ಮೇಡಂಗೆ ಕಾಯಿಲೆ ಅಂತ ತಿಳಿದದ್ದು ಅದರ ಮುಂದಿನ ವರ್ಷ. ಶಿವಮೊಗ್ಗಕ್ಕೆ ಹೋಗಿಬರುತ್ತಿದ್ದರು. ತೆಳ್ಳಗಾದರು. ಅದೇ ಹೊತ್ತಿಗೆ ಮೂಲದವರಿಂದ ಒಂದು ಕಾಗದ ಬಂತು. ನಿಮ್ಮ ಡಬ್ಬಿಯ ಉಪಾಯ ನಮಗೂ ಬೇಕು, ಕವಲು ಮುಚ್ಚಿ ಮೂಲ ಮನೆಗೇ ಬಂದುಬಿಡಿ, ಆದರೆ ಹಳೇ ಫೋನುಗಳನ್ನು ಮಾತ್ರ ನಾವು ಹೊರಲಾರೆವು ಅಂತ. ಸರ್ವರ್ ಮಾವ, ನಿರ್ಧಾರ ನಿಮ್ಮದೇ ಅಂತ ಬರೆದ. ಒಪ್ಪಿಕೊಂಡಿದ್ದರೆ ಮೇಡಂ ನೆಮ್ಮದಿಯಾಗಿ ಮಲಗಬಹುದಿತ್ತು. ಗೌಡರ ಪೇಜಿಗೆ ಬರುವವರಲ್ಲಿ ಆಗ ಇನ್ನೂ ಬಹಳ ಮಂದಿಯ ಕೈಯಲ್ಲಿ ಹಳೇ ಫೋನೇ ಇತ್ತು.

ಶಿರಾಳಕೊಪ್ಪದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತ್ತು. ಸಂತೆಯ ದಿನ. ಸೊಪ್ಪಿನ ಕಟ್ಟು, ಕೋಳಿ, ಹೊಸ ಬಕೀಟು ಎಲ್ಲ ಹತ್ತುತ್ತಿದ್ದವು. ಮೇಡಂ ಕಣ್ಣು ಬಿಟ್ಟು ನನ್ನ ಕಡೆ ತಿರುಗಿದರು.

“ಮುಚ್ಚೋದಾದ್ರೆ ನಾನಿದ್ದಾಗ್ಲೇ, ಎಲ್ರಿಗೂ ಹೇಳಿ, ಸರಿಯಾಗಿ ಮುಚ್ಚೋಣ. ನಡೆಸೋದಾದ್ರೆ ನೀನು ನಡೆಸ್ಬೇಕು. ಏನಂತೀಯಾ?”

ನಾನು ಗೌಡರ ದನಿಯಲ್ಲಿ ‘ನಾಳೆ ನಿಮ್ದೇ ಮೇಡಮ್ಮೋರೆ’ ಅಂದೆ. ಯಾವತ್ತೂ ನಗಿಸದೆ ಬಿಟ್ಟ ಮಾತಲ್ಲ ಅದು. ಮೇಡಂ ನಗಲಿಲ್ಲ. ಸಿಟ್ಟೂ ಆಗಲಿಲ್ಲ. ಕಾಯುತ್ತಾ ಕೂತರು. ನನಗೆ ಅಜ್ಜ, ವ್ಯಾಪಾರಿ, ಪ್ರಿನ್ಸಿಪಾಲರು ಎಲ್ಲರೂ ಬಾಯಿಯವರೆಗೆ ಬಂದರು. ಒಬ್ಬೊಬ್ಬರನ್ನೇ ವಾಪಸು ಕಳಿಸಿದೆ. ನಡೆಸ್ತೀನಿ ಮೇಡಂ ಅಂದೆ.

“ಹಳೇ ಫೋನು ಹಿಡಿದೋರು ಒಬ್ರು ಇರೋವರೆಗೆ ನಡೆಸು. ಆಮೇಲೆ ಒಂದು ದಿನಾನೂ ಹೆಚ್ಚಿಗೆ ಬೇಡ. ನಮ್ ಹೆಸರಿರ್ಲಿ ಅಂತ ಇಟ್ಕೋಬೇಡ,” ಅಂದರು. ಬಸ್ಸು ಹೊರಟಿತು. ಅವರು ಕಣ್ಣು ಮುಚ್ಚಿಕೊಂಡರು.

ಆ ಬೇಸಿಗೆಯಲ್ಲಿ ಮೇಡಂ ಹೋದರು. ಸರ್ವರ್ ಮಾವನಿಗೆ ನಾನೇ ಬರೆದೆ. ಮೂರು ದಿನ ಉತ್ತರ ಇಲ್ಲ. ಆಮೇಲೆ ಎರಡೇ ಸಾಲು. ಇವತ್ತು ದೋಣಿಗಳು ಬಂದವು, ದೋಣಿಯವರಿಗೆಲ್ಲ ಹೇಳಿದೆ, ಟೋಪಿ ತೆಗೆದು ನಿಂತರು ಅಂತ. ಆ ಚಳಿಯಲ್ಲಿ, ಸೊರಬ ಎಲ್ಲಿದೆ ಅಂತಲೂ ಗೊತ್ತಿಲ್ಲದವರು...

ಆಮೇಲೆ ಇಷ್ಟು ವರ್ಷ ನಡೆಸಿದೆ. ಶಿಕಾರಿಪುರದಲ್ಲೇ ಒಂದು ಕೋಣೆ ಹಿಡಿದು ಅಂಗಡಿಗಳಿಗೆ ವೆಬ್‌ಸೈಟು ಮಾಡಿಕೊಡುತ್ತಾ, ಶನಿವಾರ ಪ್ಯಾಕೇಜಿನ ಕೆಲಸ ಮಾಡುತ್ತಾ. ಚೆನ್ನಾಗಿ ನಡೆಸಿದೆ ಅಂತ ನಾನೇ ಹೇಳಿಕೊಳ್ಳುವುದು ಬೇಡ, ಬೈದು ಬರೆದವರ ಕಾಗದಗಳು ಬೇಕಾದಷ್ಟಿವೆ. ಹಳೇ ಫೋನಿನವರು ಒಬ್ಬೊಬ್ಬರಾಗಿ ಕಡಿಮೆಯಾದರು. ದೋಣಿಯವರದ್ದು ಮೊದಲೇ ಹೊಸದಾಗಿತ್ತು. ಬೇರೆ ಊರಿನವರೂ ಒಬ್ಬೊಬ್ಬರಾಗಿ ಮೂಲ ಮನೆಗೆ ಮರಳಿದ್ದರು. ಗೌಡರ ಪೇಜಿಗೆ ಕೊನೆಗೆ ತೊಗರ್ಸಿಯ ಹಿರಿಯರೊಬ್ಬರು ಮಾತ್ರ ಉಳಿದಿದ್ದರು. ಹೋದ ತಿಂಗಳು ಅವರಿಗೂ ಮಗಳು ಹೊಸ ಫೋನು ಕೊಡಿಸಿದಳಂತೆ. ಅವರೇ ಫೋನು ಮಾಡಿ, ಪೇಜಿನ ಅಕ್ಷರ ಈಗ ಎಷ್ಟು ದೊಡ್ಡದಾಗಿ ಕಾಣುತ್ತೆ ಅಂತ ಖುಷಿಪಟ್ಟರು. ನಾನೂ ಖುಷಿಪಟ್ಟೆ.

ನಿನ್ನೆ ಸೊರಬಕ್ಕೆ ಹೋದದ್ದು ಗೌಡರಿಗೆ ಇದನ್ನು ಎದುರಿಗೇ ಹೇಳೋಣ ಅಂತ. ಅಂಗಳದಲ್ಲಿ ಮಿಷನ್ನು ತಾಡಪಾಲಿನ ಕೆಳಗಿತ್ತು. ಗೌಡರು ಜಗಲಿಯ ಮೇಲೆ ಕೂತಿದ್ದರು. ನಿಮ್ಮ ಪೇಜು ಇನ್ನು ಮೂಲದವರ ಪ್ಯಾಕೇಜಿನಿಂದಲೇ ನಡೆಯುತ್ತೆ, ನಿಮಗೆ ಏನೂ ಬದಲಾವಣೆ ಕಾಣೋದಿಲ್ಲ, ನಮ್ಮ ಕವಲು ಮುಚ್ಚುತ್ತಿದ್ದೇನೆ ಅಂದೆ. ಅವರ ಎದುರಿಗೇ ಲ್ಯಾಪ್‌ಟಾಪು ತೆಗೆದು ಕೊನೆಯ ಆವೃತ್ತಿ ಬಿಡುಗಡೆ ಮಾಡಿದೆ. ಅದರಲ್ಲಿ ಹೊಸದೇನೂ ಇಲ್ಲ. ಇದರ ಅಗತ್ಯ ಈಗ ಮುಗಿದಿದೆ, ಮೂಲ ಮನೆಗೆ ಹೋಗಿ, ಇದನ್ನು ಇಷ್ಟು ದಿನ ಕಾದವರು ಸೊರಬದ ಒಬ್ಬರು ಮೇಡಂ ಅನ್ನುವ ಸೂಚನೆ ಅಷ್ಟೇ.

“ಹಂಗಾರೆ ಮೇಡಮ್ಮೋರ್ದು ಅಂತ ಇನ್ನೆಂತದೂ ಉಳಿಯಲ್ಲ ಅನ್ನು,” ಅಂದರು ಗೌಡರು.

ಹಾಗಲ್ಲ, ಡಬ್ಬಿಯ ಉಪಾಯವನ್ನು ಮೂಲದವರೂ ತಗೊಂಡಿದ್ದಾರೆ, ಅದು ಈಗ ಮೂಲ ಮನೆಯಲ್ಲೇ ಇದೆ ಅಂದೆ. ಯಾವ ದೇಶದಲ್ಲಿ ಯಾರ ನೆಟ್‌ವರ್ಕ್ ಹೋಗಿ ಬಂದರೂ ಅವರ ಕೋರಿಕೆ ಒಂದೇ ಸಲ ಹೋಗುತ್ತೆ, ಅದು ಮೇಡಂ ಮಾಡಿದ್ದು. ಗೌಡರು ತಲೆಯಾಡಿಸಿದರು. ಎಷ್ಟು ತಿಳಿಯಿತೋ. ಒಳಗಿನಿಂದ ಟೀ ಬಂತು. ಕುಡಿದು ಲೋಟ ಕೆಳಗಿಟ್ಟು ಅವರು, “ಅವರಂಗೆ ಒಂಚೂರು ಮಾತಾಡು ನೋಡಣ. ಚಂದ ಮಾಡ್ತಿದ್ದೆ ನೀನು,” ಅಂದರು.

ಎದ್ದು ನಿಂತೆ. ಹೆಗಲು ತಾನಾಗಿ ಇಳಿಯಿತು, ಕತ್ತು ವಾಲಿತು. ಎಲ್ಲ ಬಂತು. ಬಾಯಿ ತೆರೆದೆ. ಪ್ರಿನ್ಸಿಪಾಲರು ಇದ್ದರು, ತೀರಿಹೋದ ಅಜ್ಜ ಇದ್ದ, ಎದುರಿಗೆ ಕೂತ ಗೌಡರೇ ಇದ್ದರು. ಮೇಡಂ ದನಿ ಮಾತ್ರ ಇರಲಿಲ್ಲ. ಯಾವಾಗ ಹೋಯಿತೋ, ನಾನು ನೋಡಿಕೊಂಡಿರಲಿಲ್ಲ. ಏನೋ ಒಂದು ಸದ್ದು ಹೊರಟಿತು, ಅದು ನಮ್ಮ ಅತ್ತೆಯ ದನಿಯ ಹಾಗಿತ್ತು. ನಿಲ್ಲಿಸಿದೆ.

ಗೌಡರು ತಾಡಪಾಲಿನ ಕಡೆ ನೋಡುತ್ತಿದ್ದರು.

“ಹೋಗ್ಲಿ ಬಿಡು ಮಾರಾಯ,” ಅಂದರು. “ನಂಗೂ ಈಗ ಸರಿಯಾಗಿ ನೆನಪಿಲ್ಲ.”